ದಕ್ಕಿತೋ, ದಂಡವಾಯಿತೋ?

ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ರೈತನೊಬ್ಬನು ಮೆಣಸಿನಕಾಯಿ ಮಾರಿ ಬಂದ ಹಣದಲ್ಲಿ ತನ್ನ ಮಗಳಿಗೆ ೭೨,೦೦೦ ರೂಪಾಯಿಯ ಹೊಸ ಲ್ಯಾಪ್‌ಟಾಪ್ ಒಂದನ್ನು ಕೊಂಡು ತಂದನು. ಮಗಳು ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದಳು. ಕಟ್ಟಡಗಳ ನಕ್ಷೆಯನ್ನು ಗಣಕಯಂತ್ರದ ಮೇಲೆ ಬರೆಯುವುದು ಅವಳ ಪಾಠಗಳಲ್ಲಿ ಒಂದು. ಆದರೆ ಆ ಹಣ ಬೇರೊಂದು ಕಾರ್ಯಕ್ಕೆಂದು ಕೂಡಿಟ್ಟದ್ದು. ಕೊಳವೆಬಾವಿಯ ಹಳೆಯ ಪಂಪನ್ನು ತೆಗೆದು ಹೊಸದನ್ನು ಇಳಿಸಬೇಕಾಗಿತ್ತು.

ಪೆಟ್ಟಿಗೆ ಬಿಚ್ಚಿದ ಸಂಜೆ ನೆರೆಹೊರೆಯವರೆಲ್ಲ ಬಂದು ನೋಡಿ ಹೋದರು. ತೆಳ್ಳನೆಯ ಆ ಯಂತ್ರವನ್ನು ಮಕ್ಕಳು ಮುಟ್ಟಿ ಮುಟ್ಟಿ ನೋಡಿದರು. ಎಲ್ಲರೂ ಹೋದ ಬಳಿಕ ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಮಗನನ್ನು ಕೇಳಿದಳು: “ಇಷ್ಟು ರೊಕ್ಕ ಸುರಿದು ತಂದಿದ್ದೀಯಲ್ಲಪ್ಪಾ, ಇದು ದಕ್ಕಿತೋ, ದಂಡವಾಯಿತೋ?”

ಮಗನು ಉತ್ತರ ಕೊಡಲಿಲ್ಲ. ಉತ್ತರವು ಅವನಿಗೂ ತಿಳಿದಿರಲಿಲ್ಲ.

ಅಜ್ಜಿಯ ಪ್ರಶ್ನೆ ಹೊಸದೇನೂ ಅಲ್ಲ. ಹೊತ್ತು ಒಯ್ಯಬಹುದಾದ ಗಣಕಯಂತ್ರವು ಮಾರುಕಟ್ಟೆಗೆ ಬಂದ ದಿನವೇ ಈ ಪ್ರಶ್ನೆಯೂ ಅದರ ಬೆನ್ನಿಗೆ ಬಂದಿತು. ಆ ಕಥೆಯಲ್ಲಿ ದಕ್ಷಿಣ ಭಾರತಕ್ಕೂ ಒಂದಿಷ್ಟು ಪಾಲುಂಟು.

ಆಡಮ್ ಆಸ್‌ಬಾರ್ನ್ ಎಂಬವನು ೧೯೩೯ರಲ್ಲಿ ಬ್ಯಾಂಕಾಕಿನಲ್ಲಿ ಹುಟ್ಟಿದನು. ತಂದೆ ಇಂಗ್ಲೆಂಡಿನವರು, ತಾಯಿ ಪೋಲೆಂಡಿನವರು. ತಂದೆ ಆರ್ಥರ್ ಆಸ್‌ಬಾರ್ನ್ ರಮಣ ಮಹರ್ಷಿಗಳ ಭಕ್ತರಾಗಿದ್ದು ಅವರನ್ನು ಕುರಿತು ಗ್ರಂಥಗಳನ್ನು ಬರೆದವರು. ಹೀಗಾಗಿ ಬಾಲಕ ಆಡಮ್‌ನ ಬಾಲ್ಯದ ಕೆಲವು ವರ್ಷಗಳು ಇಂದಿನ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ, ಅರುಣಾಚಲ ಬೆಟ್ಟದ ಅಡಿಯಲ್ಲಿ ಕಳೆದವು. ಮುಂದೆ ಅವನು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ರಾಸಾಯನಿಕ ಇಂಜಿನಿಯರಿಂಗ್ ಓದಿ, ಕೊನೆಗೆ ಗಣಕಯಂತ್ರಗಳ ಬಗೆಗೆ ಪುಸ್ತಕಗಳನ್ನು ಬರೆದು ಪ್ರಕಟಿಸುವ ವೃತ್ತಿಗೆ ಇಳಿದನು. ಇತರರು ತಯಾರಿಸಿದ ಯಂತ್ರಗಳ ಕುಂದುಕೊರತೆಗಳನ್ನು ಎತ್ತಿ ಆಡುವುದರಲ್ಲಿ ಅವನ ಲೇಖನಿ ಹರಿತವಾಗಿತ್ತು. ಹೀಗೆ ಟೀಕೆ ಮಾಡುತ್ತಿದ್ದವನು ಒಂದು ದಿನ ತಾನೇ ಯಂತ್ರ ಮಾಡಲು ಹೊರಟನು.

೧೯೮೧ರ ಏಪ್ರಿಲ್ ತಿಂಗಳಲ್ಲಿ ಅವನ ‘ಆಸ್‌ಬಾರ್ನ್ ೧’ ಜನರ ಮುಂದೆ ಬಂದಿತು. ಲೀ ಫೆಲ್ಸೆನ್‌ಸ್ಟೈನ್ ಎಂಬ ಇಂಜಿನಿಯರ್ ಅದನ್ನು ರೂಪಿಸಿದ್ದನು. ಮುಚ್ಚಿಟ್ಟಾಗ ಅದು ಹೊಲಿಗೆ ಯಂತ್ರದ ಪೆಟ್ಟಿಗೆಯಂತೆ ಕಾಣುತ್ತಿತ್ತು. ಮುಚ್ಚಳವನ್ನು ತೆಗೆದರೆ ಆ ಮುಚ್ಚಳವೇ ಕೀಲಿಮಣೆ. ತೂಕ ಸುಮಾರು ೧೧ ಕಿಲೋಗ್ರಾಂ. ಇದನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಮಾತಂತಿರಲಿ, ಒಂದು ಫರ್ಲಾಂಗು ಹೊತ್ತರೆ ಭುಜ ನೋಯುವಂತಿತ್ತು! ಪರದೆಯ ಅಳತೆ ಮೂಲೆಯಿಂದ ಮೂಲೆಗೆ ಕೇವಲ ೫ ಅಂಗುಲ. ಒಂದು ಸಾಲಿನಲ್ಲಿ ೫೨ ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಬೆರಳಚ್ಚಿನ ಒಂದು ಪುಟದ ಪೂರ್ತಿ ಸಾಲನ್ನು ಓದಬೇಕಾದರೆ ಪರದೆಯನ್ನು ಅತ್ತಿತ್ತ ಸರಿಸುತ್ತ ಹೋಗಬೇಕಾಗಿತ್ತು. ಗೋಡೆಯ ವಿದ್ಯುತ್ತಿಗೆ ತಂತಿ ಜೋಡಿಸದೆ ಅದು ನಡೆಯುತ್ತಿರಲಿಲ್ಲ.

ಇಂತಹ ಯಂತ್ರದ ಬೆಲೆ ೧,೭೯೫ ಡಾಲರು. ಆದರೂ ಜನ ಮುಗಿಬಿದ್ದು ಕೊಂಡರು. ಬೇಡಿಕೆ ಉತ್ತುಂಗದಲ್ಲಿದ್ದಾಗ ತಿಂಗಳಿಗೆ ೧೦,೦೦೦ ಯಂತ್ರಗಳು ಹೊರಬೀಳುತ್ತಿದ್ದವೆಂದರೆ ಆಶ್ಚರ್ಯವಾಗುತ್ತದೆ. ಕಾರಣವೇನು?

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಪತ್ರ ಬರೆಯಲು ಒಂದು ತಂತ್ರಾಂಶ ಬೇಕು, ಲೆಕ್ಕಪತ್ರ ಹಾಕಲು ಇನ್ನೊಂದು ಬೇಕು. ಆ ಕಾಲದಲ್ಲಿ ಯಂತ್ರ ಕೊಂಡವನು ಇವುಗಳನ್ನೆಲ್ಲ ಬೇರೆ ಬೇರೆಯಾಗಿ ಹಣ ತೆತ್ತು ಕೊಳ್ಳಬೇಕಾಗಿತ್ತು. ಆಸ್‌ಬಾರ್ನನು ಬರವಣಿಗೆಗೆ ವರ್ಡ್‌ಸ್ಟಾರ್, ಲೆಕ್ಕಕ್ಕೆ ಸೂಪರ್‌ಕ್ಯಾಲ್ಕ್, ಇವುಗಳೊಡನೆ ಬೇಸಿಕ್ ಭಾಷೆಯನ್ನೂ ಸೇರಿಸಿ ಯಂತ್ರದ ಜೊತೆಗೇ ಕೊಟ್ಟುಬಿಟ್ಟನು. ಬಿಡಿಯಾಗಿ ಕೊಂಡರೆ ಅವುಗಳ ಬೆಲೆಯೇ ಸುಮಾರು ೧,೫೦೦ ಡಾಲರುಗಳಾಗುತ್ತಿದ್ದಿತು. ಎತ್ತನ್ನು ಕೊಂಡವನಿಗೆ ನೊಗ, ನೇಗಿಲು, ಮಿಣಿಗಳನ್ನೂ ಕೊಟ್ಟು ಕಳುಹಿಸಿದಂತೆ ಇದು. ಮನೆಗೆ ತಂದ ದಿನವೇ ಹೂಡಬಹುದು. ಅತ್ಯುತ್ತಮವಾದದ್ದು ಬೇಡ, ಕೆಲಸಕ್ಕೆ ಸಾಲುವಷ್ಟಿದ್ದರೆ ಆಯಿತು ಎಂಬುದು ಅವನ ನಂಬಿಕೆಯಾಗಿತ್ತು. ಪರದೆ ಚಿಕ್ಕದೆಂದು ಹಳಿದವರೂ ಆ ಪರದೆಯ ಮೇಲೆಯೇ ತಮ್ಮ ವರದಿಗಳನ್ನು ಬರೆದು ಮುಗಿಸಿದರು.

ಆದರೆ ವಸ್ತುವಿನ ಯೋಗ್ಯತೆ ಅದೊಂದರಲ್ಲಿಯೇ ಇರುವುದಿಲ್ಲ. ಅದರ ಪಕ್ಕದಲ್ಲಿ ಏನು ನಿಂತಿದೆ ಎಂಬುದನ್ನೂ ಅವಲಂಬಿಸಿರುತ್ತದೆ. ೧೯೮೨ರಲ್ಲಿ ‘ಕೇಪ್ರೊ’ ಎಂಬ ಯಂತ್ರ ಬಂದಿತು. ಅದರ ಪರದೆ ೯ ಅಂಗುಲ, ಸಾಲಿಗೆ ೮೦ ಅಕ್ಷರ, ಬೆಲೆ ೧,೫೯೫ ಡಾಲರು. ನಿನ್ನೆಯವರೆಗೆ ಲಾಭದ ಕೊಳ್ಳುವಿಕೆ ಎನಿಸಿದ್ದ ಆಸ್‌ಬಾರ್ನ್ ಒಮ್ಮೆಗೇ ದುಬಾರಿಯಾಗಿ ಕಂಡಿತು. ಅಷ್ಟರಲ್ಲಿ ಆಸ್‌ಬಾರ್ನನು ತನ್ನ ಮುಂದಿನ ಯಂತ್ರ ಬರಲಿದೆಯೆಂದು ಮೊದಲೇ ಸಾರಿದನು. ಕೊಳ್ಳುವವರು ‘ಹೊಸದು ಬರಲಿ, ನೋಡೋಣ’ ಎಂದು ಕೈ ಹಿಡಿದರು. ಹಳೆಯ ಸರಕು ಉಗ್ರಾಣದಲ್ಲಿ ಉಳಿಯಿತು ಎಂದು ಬಹಳ ಜನ ಹೇಳುತ್ತಾರೆ. ಪ್ರತಿಸ್ಪರ್ಧಿಗಳ ಏಟೇ ಮುಖ್ಯ ಕಾರಣವೆಂದು ಬೇರೆ ಕೆಲವರ ಅಭಿಪ್ರಾಯ. ಕಾರಣ ಯಾವುದೇ ಇರಲಿ, ೧೯೮೩ರ ಸೆಪ್ಟೆಂಬರಿನಲ್ಲಿ ಆ ಕಂಪನಿ ದಿವಾಳಿಯಾಯಿತು. ಆದರೂ ಎರಡು ವರ್ಷ ಮೊದಲು ಯಂತ್ರವನ್ನು ಕೊಂಡು ತನ್ನ ಕೆಲಸ ಮಾಡಿಕೊಂಡ ಲೇಖಕನ ಹಣವು ಕಂಪನಿಯ ಜೊತೆಗೆ ಮುಳುಗಲಿಲ್ಲ ಎಂಬುದನ್ನು ಗಮನಿಸಬೇಕು. ಆಸ್‌ಬಾರ್ನನು ತನ್ನ ಕೊನೆಯ ವರ್ಷಗಳಲ್ಲಿ ಕಾಯಿಲೆ ಬಿದ್ದು ಮತ್ತೆ ತಮಿಳುನಾಡಿಗೇ ಬಂದು ೨೦೦೩ರಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡನು.

ಅದೇ ಕಾಲದ ಇನ್ನೊಂದು ಯಂತ್ರದ ಕಥೆ ಇದಕ್ಕೆ ತದ್ವಿರುದ್ಧ. ೧೯೮೨ರಲ್ಲಿ ಬಂದ ‘ಗ್ರಿಡ್ ಕಂಪಾಸ್’ ಪುಸ್ತಕದಂತೆ ಮಡಿಸಬಹುದಾದ ಗಣಕಯಂತ್ರ. ಇಂದಿನ ಲ್ಯಾಪ್‌ಟಾಪುಗಳ ಆಕಾರ ಅದರಲ್ಲಿಯೇ ಕಾಣುತ್ತದೆ. ಅದರ ಹೊರಕವಚ ಮೆಗ್ನೀಸಿಯಂ ಲೋಹದ್ದು. ಮಾಹಿತಿಯನ್ನು ಉಳಿಸಿಡುವ ಭಾಗದಲ್ಲಿ ತಿರುಗುವ ಚಕ್ರಗಳಾಗಲಿ ಅಲುಗುವ ಅಂಗಗಳಾಗಲಿ ಇರಲಿಲ್ಲವಾದ್ದರಿಂದ ಕುಲುಕಿದರೂ ಕೆಡುತ್ತಿರಲಿಲ್ಲ. ಬೆಲೆ ಮಾತ್ರ ೮,೧೫೦ ಡಾಲರು! ಒಂದರ ಹಣದಲ್ಲಿ ನಾಲ್ಕು ಆಸ್‌ಬಾರ್ನ್‌ಗಳನ್ನು ಕೊಂಡು ಚಿಲ್ಲರೆಯನ್ನೂ ಉಳಿಸಬಹುದಾಗಿತ್ತು. ಸಾಮಾನ್ಯ ಗೃಹಸ್ಥನಿಗೆ ಇದು ಶುದ್ಧ ದುಂದುವೆಚ್ಚ. ಆದರೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ೧೯೮೩ರಲ್ಲಿ ಇದನ್ನು ಕೊಂಚ ಮಾರ್ಪಡಿಸಿ ತನ್ನ ಬಾಹ್ಯಾಕಾಶ ನೌಕೆಯಲ್ಲಿ ಕಳುಹಿಸಿತು. ನೌಕೆಯು ಯಾವ ಕ್ಷಣದಲ್ಲಿ ಭೂಮಿಯ ಯಾವ ಭಾಗದ ಮೇಲಿದೆ ಎಂಬುದನ್ನು ಯಾತ್ರಿಕರಿಗೆ ಅದು ತೋರಿಸುತ್ತಿತ್ತು. ಅಲ್ಲಿ ಯಂತ್ರ ಕೆಟ್ಟರೆ ಸರಿಪಡಿಸುವ ಅಂಗಡಿ ಉಂಟೇ? ಅಂಥ ಸ್ಥಳಕ್ಕೆ ಎಂಟು ಸಾವಿರ ಡಾಲರು ಹೆಚ್ಚಲ್ಲ.

ಯಂತ್ರ ಕೈಗೆ ಬಂದ ಮಾತ್ರಕ್ಕೆ ವಿದ್ಯೆ ಬರುವುದೆಂಬ ಭಾವನೆಯನ್ನೂ ಇಲ್ಲಿ ಪರಿಶೀಲಿಸಬೇಕು. ದಕ್ಷಿಣ ಅಮೆರಿಕದ ಪೆರು ದೇಶದ ಸರ್ಕಾರವು ಶಾಲಾಮಕ್ಕಳಿಗೆ ಅಗ್ಗದ ಲ್ಯಾಪ್‌ಟಾಪುಗಳನ್ನು ಲಕ್ಷಗಟ್ಟಲೆ ಹಂಚಿತು. ಹಳ್ಳಿಗಾಡಿನ ೩೧೯ ಪ್ರಾಥಮಿಕ ಶಾಲೆಗಳಲ್ಲಿ ಇದರ ಫಲವನ್ನು ಅಳೆದು ೨೦೧೨ರಲ್ಲಿ ವರದಿ ಪ್ರಕಟವಾಯಿತು. ಮಕ್ಕಳ ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಸ್ವಲ್ಪ ಏಳಿಗೆ ಕಂಡಿತ್ತು. ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅಗ್ಗವೆಂದ ಮಾತ್ರಕ್ಕೆ ಹಣ ದಕ್ಕಿತೆಂದು ಹೇಳುವಂತಿಲ್ಲ.

ಈಗ ಹಾವೇರಿಯ ಮನೆಗೆ ಹಿಂದಿರುಗಬೇಕು. ಯಂತ್ರ ಬಂದು ಹತ್ತು ದಿನಗಳಾದ ಮೇಲೆ ಪಂಪು ನಿಂತುಹೋಯಿತು. ಅದೇ ಸಮಯಕ್ಕೆ ಪಟ್ಟಣದಲ್ಲಿ ಅಂಗಡಿಯಿಟ್ಟಿದ್ದ ಹುಡುಗಿಯ ಸೋದರಮಾವ ಮನೆಗೆ ಬಂದನು. ಸಂಗತಿ ತಿಳಿದು, “ಭಾವಾ, ಬೇಡವೆನಿಸಿದರೆ ನನಗೇ ಕೊಟ್ಟುಬಿಡಿ. ಅಂಗಡಿಯ ಲೆಕ್ಕಕ್ಕೆ ನನಗೂ ಒಂದು ಬೇಕು. ೬೦,೦೦೦ ಕೊಡುತ್ತೇನೆ, ಒಂದು ತಿಂಗಳು ಬೇಕಾದರೂ ಕಾಯುತ್ತೇನೆ” ಎಂದನು.

ರೈತನಿಗೆ ಮೊದಲು ಹೊಳೆದದ್ದು ಹನ್ನೆರಡು ಸಾವಿರದ ನಷ್ಟ. ‘ಎಪ್ಪತ್ತೆರಡು ಕೊಟ್ಟು ಅರವತ್ತಕ್ಕೆ ಮಾರಲೇ?’ ಎಂದು ಅವನ ಮನಸ್ಸು ಹಿಂಜರಿಯಿತು. ಹೀಗೆ ಹಿಂಜರಿಯುವುದು ಮನುಷ್ಯಸಹಜ. ಆದರೆ ಲೆಕ್ಕದ ದೃಷ್ಟಿಯಿಂದ ತಪ್ಪು. ಕೊಟ್ಟ ೭೨,೦೦೦ ರೂಪಾಯಿ ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಸೇರಿಯಾಗಿತ್ತು. ಯಂತ್ರವನ್ನು ಇಟ್ಟುಕೊಂಡರೂ ಮಾರಿದರೂ ಅದು ಮರಳಿ ಬರುವಂತಿರಲಿಲ್ಲ. ಅವನ ಮುಂದೆ ಈಗ ಇದ್ದವು ಎರಡೇ: ಒಂದು ಕಡೆ ಯಂತ್ರ, ಇನ್ನೊಂದು ಕಡೆ ೬೦,೦೦೦ ರೂಪಾಯಿ. ಕೈಯಲ್ಲಿ ಅಷ್ಟು ನಗದು ಇದ್ದು, ಪಂಪು ನಿಂತಿದ್ದು, ಈ ಯಂತ್ರ ಅರವತ್ತು ಸಾವಿರಕ್ಕೆ ಸಿಗುವುದಾಗಿದ್ದರೆ ಅವನು ಇಂದು ಕೊಳ್ಳುತ್ತಿದ್ದನೇ? ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಮಗಳು ಜಾಣೆ. ಮಾತಿನಲ್ಲಿ ವಾದಿಸದೆ ಒಂದು ನೋಟುಪುಸ್ತಕ ತೆಗೆದುಕೊಂಡಳು. “ಅಪ್ಪಾ, ಮಾವ ಕೊಟ್ಟ ಒಂದು ತಿಂಗಳು ನಾನು ಇದರಲ್ಲಿ ಏನೇನು ಮಾಡುತ್ತೇನೋ ಎಲ್ಲ ಬರೆದಿಡುತ್ತೇನೆ. ಆಮೇಲೆ ನೀನೇ ನಿರ್ಧರಿಸು” ಎಂದಳು. ತಿಂಗಳ ಕೊನೆಗೆ ಲೆಕ್ಕ ಹೀಗಿತ್ತು: ಯಂತ್ರ ತೆರೆದಿದ್ದ ಹೊತ್ತು ಒಟ್ಟು ೯೬ ಗಂಟೆ. ನಕ್ಷೆ ಬರೆದದ್ದು ೪೧ ಗಂಟೆ. ವರದಿ, ಟಿಪ್ಪಣಿಗಳಿಗೆ ೨೫ ಗಂಟೆ. ಸಿನಿಮಾ, ಹಾಡು ಮುಂತಾದವುಗಳಿಗೆ ೩೦ ಗಂಟೆ. ಈ ಕೊನೆಯ ಸಾಲನ್ನು ಅವಳು ಮುಚ್ಚಿಡದೆ ಬರೆದದ್ದು ತಂದೆಗೆ ಮೆಚ್ಚುಗೆಯಾಯಿತು.

ಈ ಲೆಕ್ಕವನ್ನು ಓದುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ವರದಿ ಬರೆಯಲು, ಸಿನಿಮಾ ನೋಡಲು ೪೦,೦೦೦ ರೂಪಾಯಿಯ ಯಂತ್ರ ಧಾರಾಳವಾಗಿ ಸಾಕು. ಬರವಣಿಗೆ, ಲೆಕ್ಕಗಳ ತಂತ್ರಾಂಶಗಳು ಇಂದು ಉಚಿತವಾಗಿಯೇ ದೊರೆಯುತ್ತವೆ. ಆಸ್‌ಬಾರ್ನನ ಕಾಲದ ಆ ದೊಡ್ಡ ಖರ್ಚು ಈಗ ಇಲ್ಲ. ಆದರೆ ಕಟ್ಟಡದ ನಕ್ಷೆಯನ್ನು ಮೂರು ಆಯಾಮಗಳಲ್ಲಿ ತಿರುಗಿಸಿ ನೋಡುವಾಗ ಸ್ಮೃತಿ ಕಡಿಮೆಯಿರುವ ಯಂತ್ರ ಹೆಜ್ಜೆಹೆಜ್ಜೆಗೂ ನಿಂತುಬಿಡುತ್ತದೆ. ಆದುದರಿಂದ ಹೆಚ್ಚಿಗೆ ಕೊಟ್ಟ ೩೨,೦೦೦ ರೂಪಾಯಿಯನ್ನು ತೂಗಬೇಕಾದದ್ದು ೯೬ ಗಂಟೆಗಳ ಎದುರಿಗಲ್ಲ, ಆ ೪೧ ಗಂಟೆಗಳ ಎದುರಿಗೆ ಮಾತ್ರ. ಕಾಲೇಜಿನ ಪ್ರಯೋಗಾಲಯದಲ್ಲಿ ಅವಳಿಗೆ ದೊರೆಯುತ್ತಿದ್ದುದು ವಾರಕ್ಕೆ ಎರಡು ಗಂಟೆ, ತಿಂಗಳಿಗೆ ಎಂಟು.

ಬಾಳಿಕೆಯ ಮಾತು ಬೇರೆ. ಅಗ್ಗದ ಯಂತ್ರ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ ೧೦,೦೦೦ ರೂಪಾಯಿ. ದುಬಾರಿಯದು ಆರು ವರ್ಷ ಬಾಳಿದರೆ ವರ್ಷಕ್ಕೆ ೧೨,೦೦೦. ಹೀಗೆ ನೋಡಿದರೆ ಅಂತರ ಅಷ್ಟೇನೂ ಭಾರವಲ್ಲ. “ಆರು ವರ್ಷ ಬಾಳುತ್ತದೆಂಬುದಕ್ಕೆ ಜಾಮೀನು ಯಾರು?” ಎಂದು ತಂದೆ ಕೇಳಿದನು. ನ್ಯಾಯವಾದ ಪ್ರಶ್ನೆ. ಬ್ಯಾಟರಿಯ ಲಿಥಿಯಂ ಕೋಶಗಳು ತುಂಬಿ ಬರಿದಾಗುತ್ತ ಹೋದಂತೆ ಸವೆಯುತ್ತವೆ. ಯಂತ್ರ ಯಾವಾಗಲೂ ಕಾದಿದ್ದರೆ ಇನ್ನೂ ಬೇಗ ಸವೆಯುತ್ತವೆ. ಬ್ಯಾಟರಿಯನ್ನು ಬದಲಿಸಲು ಬರುವುದೋ, ಸ್ಮೃತಿಯನ್ನು ಮುಂದೆ ಹೆಚ್ಚಿಸಲು ಸ್ಥಳವಿದೆಯೋ ಅಥವಾ ಎಲ್ಲವನ್ನೂ ಬೆಸುಗೆ ಹಾಕಿ ಮುಚ್ಚಿದ್ದಾರೋ ಎಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸಬೇಕಾಗಿತ್ತು. ಮಗಳು ಅಂಗಡಿಗೆ ಫೋನು ಮಾಡಿ ವಿಚಾರಿಸಿದಳು. ಅದೃಷ್ಟಕ್ಕೆ ಎರಡೂ ಸಾಧ್ಯವಿತ್ತು.

ಪಂಪಿನ ಮಾತು ಉಳಿಯಿತು. ಮೇಸ್ತ್ರಿ ಬಂದು ಮೇಲೆತ್ತಿ ನೋಡಿ, ಮೋಟಾರಿನ ಸುರುಳಿ ಮಾತ್ರ ಸುಟ್ಟಿದೆ, ಹೊಸದಾಗಿ ಸುತ್ತಿದರೆ ಒಂದು ಬೇಸಿಗೆಯನ್ನಾದರೂ ದಾಟಿಸಬಹುದು ಎಂದನು. ಆ ಖರ್ಚಿಗೆ ಮನೆಯಲ್ಲಿ ಉಳಿದಿದ್ದ ಎರಡು ಚೀಲ ಮೆಣಸಿನಕಾಯಿ ಮಾರಬೇಕಾಯಿತು. ಸೋದರಮಾವನಿಗೆ “ಯಂತ್ರ ಇಲ್ಲೇ ಇರಲಿ” ಎಂದು ಹೇಳಿ ಕಳುಹಿಸಿದರು. ಮಗಳು ಮಾತ್ರ ನೋಟುಪುಸ್ತಕವನ್ನು ನಿಲ್ಲಿಸಲಿಲ್ಲ. ಮುಂದಿನ ತಿಂಗಳು ಸಿನಿಮಾದ ಸಾಲು ೧೮ ಗಂಟೆಗೆ ಇಳಿದಿತ್ತು.

ಯುಗಾದಿಯ ದಿನ ಬೇವುಬೆಲ್ಲ ಹಂಚುತ್ತ ಅಜ್ಜಿ ಮಗನನ್ನು ಮತ್ತೆ ಕೇಳಿದಳು: “ಅಂದು ನಾನು ಕೇಳಿದ್ದಕ್ಕೆ ನೀನು ಉತ್ತರ ಹೇಳಲೇ ಇಲ್ಲವಲ್ಲೋ?”

ಅವನು ಹಿತ್ತಿಲ ಕಡೆಗೆ ಕಿವಿಗೊಟ್ಟನು. ತೊಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. “ಈ ಬೇಸಿಗೆ ದಾಟಲಿ ಅವ್ವಾ, ಹೇಳುತ್ತೇನೆ” ಎಂದನು. ಒಳಗೆ ಮಗಳು ಪರದೆಯ ಮೇಲೆ ಒಂದು ಮನೆಯ ಮಾಳಿಗೆಯನ್ನು ಎತ್ತಿ ಬೇರೆಯಿಟ್ಟು ಅದರ ತೊಲೆಗಳನ್ನು ಎಣಿಸುತ್ತಿದ್ದಳು.