ಮರಿಯಾಗದ ಮೊಟ್ಟೆ ಕಲಿಸಿದ ಪಾಠ



ಕಳೆದ ಬೇಸಿಗೆ ರಜೆಯಲ್ಲಿ ಕಂಪ್ಲಿಯ ನಾನಿ ನನಗೆ 24 ಜವಾರಿ ಕೋಳಿ ಮೊಟ್ಟೆ ಕೊಟ್ಟರು. ಮಾರಿದ್ದರೆ ಅವರ ಒಂದು ವಾರದ ಸಂತೆ ಖರ್ಚು ನಡೆಯುತ್ತಿತ್ತು. ಥರ್ಮಾಕೋಲ್ ಪೆಟ್ಟಿಗೆ, ಬಲ್ಬು, ಸಣ್ಣ ಫ್ಯಾನು, ಥರ್ಮೋಸ್ಟಾಟ್ ಜೋಡಿಸಿ ಹೊಸಪೇಟೆಯ ನಮ್ಮ ಮನೆಯಲ್ಲಿ ನಾನೇ ಇನ್ಕ್ಯುಬೇಟರ್ ಮಾಡಿದ್ದೆ. 21ನೇ ದಿನ ಹೊರಬಂದದ್ದು 7 ಮರಿ ಮಾತ್ರ. ಇನ್ನೆರಡು ದಿನ ಕಾದೆ. ಮತ್ತೊಂದೂ ಬರಲಿಲ್ಲ. ನಾನಿಗೆ ಏನು ಹೇಳುವುದೆಂದು ತೋಚಲಿಲ್ಲ.

ಉಳಿದವನ್ನು ತಿಪ್ಪೆಗೆ ಹಾಕುವ ಮೊದಲು ಜೀವಶಾಸ್ತ್ರದ ನಮ್ಮ ಉಪನ್ಯಾಸಕರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಅಂಕ ಕಡಿಮೆ ಬಂದರೆ ಉತ್ತರ ಪತ್ರಿಕೆ ತರಿಸಿ ನೋಡುವುದಿಲ್ಲವೇ? ಆ ಮೊಟ್ಟೆಗಳನ್ನು ಒಡೆದು ನೋಡು."

ಅಂಗಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು 17 ಮೊಟ್ಟೆ ಒಡೆದೆ. 5ರಲ್ಲಿ ರಕ್ತದ ಗುರುತೇ ಇರಲಿಲ್ಲ; ಅವು ಫಲಿತವಾಗದ ಮೊಟ್ಟೆಗಳು. 6ರಲ್ಲಿ ರಕ್ತದ ಉಂಗುರ ಇತ್ತು. ಅಂದರೆ ಭ್ರೂಣ ಮೊದಲ ವಾರದಲ್ಲೇ ಸತ್ತಿತ್ತು. ಇನ್ನು 6ರಲ್ಲಿ ಪುಕ್ಕ ಬಂದ, ಪೂರ್ತಿ ಬೆಳೆದ ಮರಿಗಳಿದ್ದವು. ಅವನ್ನು ನೋಡಿದಾಗ ಬಹಳ ಬೇಸರವಾಯಿತು. ಆದರೆ ಒಂದು ವಿಷಯ ಸ್ಪಷ್ಟವಾಯಿತು. ಮರಿ ಯಾವಾಗ ಸತ್ತಿದೆ ಎಂದು ತಿಳಿದರೆ, ತಪ್ಪು ಎಲ್ಲಾಗಿದೆ ಎಂದು ಹುಡುಕಬಹುದು.

ಫಲಿತವಾಗದ 5ಕ್ಕೆ ಇನ್ಕ್ಯುಬೇಟರ್ ಕಾರಣವಲ್ಲ. ಅದರ ಲೆಕ್ಕ ಉಳಿದ 19ರ ಮೇಲೆ ಹಾಕಬೇಕು: 19ಕ್ಕೆ 7, ಅಂದರೆ ಶೇ. 37. ಫಲಿತವಾಗದ ಮೊಟ್ಟೆ ಹೆಚ್ಚಿದ್ದರೆ ಹುಂಜದ ಕಡೆ ನೋಡಬೇಕು. 8–10 ಹೇಂಟೆಗೆ ಆರೋಗ್ಯವಂತ ಹುಂಜ ಒಂದಾದರೂ ಇರಬೇಕು.

ಮೊದಲ ವಾರದ ಸಾವುಗಳಿಗೆ ಕಾರಣ ನಾನೇ. ಮೊಟ್ಟೆ ಇಡುವ ಹೊತ್ತಿಗಾಗಲೇ ಅದರೊಳಗೆ ಕೋಶ ವಿಭಜನೆ ಆರಂಭವಾಗಿರುತ್ತದೆ. ಸುಮಾರು 20 ಡಿಗ್ರಿಗಿಂತ ತಂಪಿನಲ್ಲಿ ಅದು ನಿಂತು, ಕಾವು ಸಿಕ್ಕಾಗ ಮುಂದುವರಿಯುತ್ತದೆ. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಿ ಅದು ಪೂರ್ತಿ ನಿಲ್ಲುವುದೂ ಇಲ್ಲ, ಸರಿಯಾಗಿ ಬೆಳೆಯುವುದೂ ಇಲ್ಲ, ದಿನದಿನಕ್ಕೂ ಬಲಹೀನವಾಗುತ್ತದೆ. ನಾನು ಮೊಟ್ಟೆಗಳನ್ನು ಮಧ್ಯಾಹ್ನದ ಬಸ್ಸಿನಲ್ಲಿ ಚೀಲದಲ್ಲಿ ತಂದು, ಪೆಟ್ಟಿಗೆ ಸಿದ್ಧವಾಗುವ ತನಕ ಹತ್ತು ದಿನ ಅಟ್ಟದ ಮೇಲೆ ಇಟ್ಟಿದ್ದೆ! ನಾನಿ ಕೇಳಿ ನಕ್ಕರು: "ತತ್ತೀನ ನೀರಿನ ಗಡಿಗಿ ಪಕ್ಕ ತಂಪಿನಾಗ ಇಡಬೇಕು ಬೇಟಾ. ಕಡು ಬ್ಯಾಸಿಗ್ಯಾಗ ನಾನು ಕೋಳಿ ಕಾವಿಗೆ ಕುಂದ್ರಸೋದೇ ಇಲ್ಲ." ಪುಸ್ತಕ ಹೇಳುವುದೂ ಅದನ್ನೇ: ತಂಪು ಜಾಗ, ಚೂಪು ತುದಿ ಕೆಳಗೆ, ಏಳು ದಿನದೊಳಗೆ ಕಾವಿಗೆ. ದೂರದಿಂದ ತಂದ ಮೊಟ್ಟೆಗಳನ್ನು ಒಂದು ದಿನ ಅಲುಗಾಡಿಸದೆ ಬಿಡಬೇಕು. ಬಿರುಕು ಬಿಟ್ಟವನ್ನು ಇಡಬಾರದು.

ಉಷ್ಣತೆಯನ್ನೂ ಪರೀಕ್ಷಿಸಿದೆ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಬೇಕು. ಉಗುರು ಬೆಚ್ಚಗಿನ ನೀರಿನ ಲೋಟದಲ್ಲಿ ಥರ್ಮೋಸ್ಟಾಟ್‌ನ ತಂತಿಯ ತುದಿಯನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಟ್ಟಿಗೆ ಇಟ್ಟೆ. ಎರಡಕ್ಕೂ ಒಂದು ಡಿಗ್ರಿ ವ್ಯತ್ಯಾಸ! ಜ್ವರದ ಥರ್ಮಾಮೀಟರ್ ಫ್ಯಾರನ್‌ಹೀಟ್‌ನಲ್ಲಿದ್ದರೆ 99.5 ಎಂದರೆ 37.5 ಡಿಗ್ರಿ ಸೆಲ್ಸಿಯಸ್. ಕರೆಂಟ್ ಹೋದರೆ ಗಾಬರಿ ಬೇಡ. ಮುಚ್ಚಳ ತೆಗೆಯದೆ, ಗಾಳಿ ತೂತು ಬಿಟ್ಟು ಕಂಬಳಿ ಹೊದಿಸಿ. ಸ್ವಲ್ಪ ಹೊತ್ತು ತಣ್ಣಗಾಗುವುದಕ್ಕಿಂತ ಅತಿ ಬಿಸಿಯಾಗುವುದೇ ಹೆಚ್ಚು ಅಪಾಯ.

ಪೂರ್ತಿ ಬೆಳೆದು ಸತ್ತ ಮರಿಗಳ ಮೈಗೆ ಒಳಪೊರೆ ಒಣಗಿ ಅಂಟಿತ್ತು. ಕೊನೆಯ ದಿನಗಳಲ್ಲಿ ಮರಿ ನೋಡುವ ಆಸೆಗೆ ನಾನು ಗಳಿಗೆಗೊಮ್ಮೆ ಮುಚ್ಚಳ ತೆಗೆದಿದ್ದೆ. ತೇವವೆಲ್ಲ ಹೊರಟುಹೋಗಿತ್ತು. ಮೊದಲ 18 ದಿನ ತೇವಾಂಶ ಶೇ. 50–55 ಇರಲಿ, ಮೊಟ್ಟೆಗಳನ್ನು ದಿನಕ್ಕೆ ಮೂರು ಅಥವಾ ಐದು ಸಲ ಹೊರಳಿಸಿ. ಇಲ್ಲದಿದ್ದರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಹೊರಳಿಸುವುದು ನಿಲ್ಲಿಸಿ, ಅಗಲ ಬಾಯಿಯ ಬಟ್ಟಲಲ್ಲಿ ನೀರಿಟ್ಟು ತೇವಾಂಶವನ್ನು ಶೇ. 65–70ಕ್ಕೆ ಏರಿಸಿ, ಮುಚ್ಚಳ ಮುಟ್ಟಬೇಡಿ. ತೇವ ಅತಿಯಾದರೂ ಕಷ್ಟವೇ. ಮೊಟ್ಟೆಯ ತೂಕ 18 ದಿನದಲ್ಲಿ ಶೇ. 12ರಷ್ಟು ಇಳಿಯಬೇಕು, 45 ಗ್ರಾಂ ಮೊಟ್ಟೆಯಾದರೆ ಸುಮಾರು 5 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಮಳೆಗಾಲದಲ್ಲಿ ನಾನಿ ಮತ್ತೆ 24 ಮೊಟ್ಟೆ ಕೊಟ್ಟರು. ಈ ಸಲ 17 ಮರಿ! ಫಲಿತವಾಗದವು 4, ಮೊದಲ ವಾರ ಸತ್ತದ್ದು 1, ಕೊನೆಯಲ್ಲಿ ಸತ್ತವು 2. 20ಕ್ಕೆ 17, ಅಂದರೆ ಶೇ. 85. ಆದರೆ ನಾನು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದೆ, ಹವೆಯೂ ತಂಪಾಗಿತ್ತು. ಯಾವುದರಿಂದ ಎಷ್ಟು ಲಾಭ ಎಂದು ತಿಳಿಯಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಪ್ರಯೋಗಾಲಯದಲ್ಲಿ ನಮಗೆ ಹೇಳಿಕೊಡುವ ನಿಯಮವೇ ಇದು.

12 ಮರಿಗಳನ್ನು ನಾನಿಗೆ ಕೊಟ್ಟು ಬಂದೆ. ನೀವೂ ಮನೆಯಲ್ಲಿ ಮರಿ ಮಾಡಿಸುವುದಾದರೆ ಒಂದು ನೋಟ್‌ಬುಕ್ ಇಡಿ: ದಿನಾಂಕ, ಉಷ್ಣತೆ, ತೇವಾಂಶ, ತೂಕ ಬರೆಯಿರಿ. ಮರಿಯಾಗದ ಮೊಟ್ಟೆಗಳನ್ನು ಒಡೆದು ನೋಡಿ, ಕಂಡದ್ದನ್ನೂ ಬರೆಯಿರಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಮರೆಯಬೇಡಿ.