ಆ ಹಳೆಯ ಗಂಟೆ ಯಾವ ಊರಿನದು? ಮೂಲ ಹಿಡಿಯಲು 7 ಸೂತ್ರಗಳು

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಹಳೆಯ ಮನೆಗಳಲ್ಲಿ ಅಟ್ಟದ ಮೇಲೋ ದೇವರ ಜಗಲಿಯಲ್ಲೋ ಒಂದು ಹಿತ್ತಾಳೆ ಗಂಟೆ ಕೂತಿರುತ್ತದೆ. ಕೇಳಿದರೆ ‘ಮುತ್ಯಾನ ಕಾಲದ್ದು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನೀವು ಇತಿಹಾಸದ ವಿದ್ಯಾರ್ಥಿಯೇ? ಇದನ್ನೇ ಮೊದಲ ರಿಸರ್ಚ್ ಪ್ರಾಜೆಕ್ಟ್ ಮಾಡಿಕೊಳ್ಳಿ. ಆಫೀಸಿನಲ್ಲಿ ದುಡಿಯುವವರೇ? ಸಾಕ್ಷಿ ನೋಡಿ ತೀರ್ಮಾನ ಹೇಳುವುದಕ್ಕೆ ಪುಕ್ಕಟೆ ಟ್ರೇನಿಂಗ್ ಇದು. ‘ಇದೆಲ್ಲ ಎಕ್ಸ್‌ಪರ್ಟ್‌ಗಳ ಕೆಲಸ’ ಎಂದು ಹಿಂಜರಿಯುವ ಚಟ ಇವತ್ತೇ ಬಿಡಿ.

1. ಉಜ್ಜಬೇಡಿ
ಹುಣಸೆಹಣ್ಣು ದೂರ ಇಡಿ. ಅಕ್ಷರದ ಸಂದಿಯಲ್ಲಿ ಕೂತ ಮಸಿ, ಎರಕದ ಗೆರೆ ಎಲ್ಲವೂ ಸಾಕ್ಷಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ.

2. ಲೋಹ ಪರೀಕ್ಷಿಸಿ
ಮನೆಮಂದಿ ಹಿತ್ತಾಳೆ ಅನ್ನುವ ಗಂಟೆ ಎಷ್ಟೋ ಸಲ ಕಂಚಿನದು. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಗಂಟೆಯ ಕಂಚಿನಲ್ಲಿ ಐದರಲ್ಲೊಂದು ಪಾಲಿನಷ್ಟು ತವರ ಇರುತ್ತದೆ. ನಾದ ಉದ್ದಕ್ಕೆ ಎಳೆಯುವುದು ಅದರಿಂದ, ಕೆಳಗೆ ಬಿದ್ದರೆ ಸೀಳುವುದೂ ಅದರಿಂದ. ದಾರ ಕಟ್ಟಿ ತೂಗಿಬಿಡಿ, ಮರದ ತುಂಡಿನಿಂದ ತಟ್ಟಿ, ರೆಕಾರ್ಡ್ ಮಾಡಿ. ಯಾರಾದರೂ ‘ಬಿದರಿ ಗಂಟೆ’ ಅಂದರೆ ನಕ್ಕು ಮುಂದೆ ಹೋಗಿ. ಬಿದರಿಯಲ್ಲಿ ಬಹುಪಾಲು ಸತು. ಅದು ಕಪ್ಪು ಮೈಗೆ ಬೆಳ್ಳಿ ಕೂರಿಸುವ ಕಲೆ. ಪೆಂಬರ್ತಿ ಅಂದರೂ ಅನುಮಾನಿಸಿ. ಆ ಊರು ಹೆಸರಾಗಿರುವುದು ತಗಡಿನ ಕೆಲಸಕ್ಕೆ.

3. ಹಿಡಿಕೆ ನೋಡಿ
ನಂದಿ ಇದ್ದರೆ ಶೈವರ ಪೂಜೆಗಂಟೆ. ಗರುಡ, ಹನುಮ, ಶಂಖ-ಚಕ್ರ ಇದ್ದರೆ ವೈಷ್ಣವರದು. ಬರೀ ಬಳೆ ಇದ್ದರೆ ತೂಗುಗಂಟೆಯೋ ಎತ್ತಿನ ಕೊರಳಿನದೋ ಆಗಿರಬಹುದು. ಬಳೆ ಎಲ್ಲಿ ಸವೆದಿದೆ, ನಾಲಗೆ ಬಡಿದ ಗುರುತು ಎಲ್ಲಿದೆ ಎಂದು ಹುಡುಕಿ.

4. ಇಸವಿಯನ್ನು ಅವಸರದಲ್ಲಿ ಓದಬೇಡಿ
ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಗಂಟೆಯ ಮೇಲೆ 1340 ಎಂದಿದೆ ಅಂದುಕೊಳ್ಳಿ. ಶಕವರ್ಷವೆಂದು 78 ಕೂಡಿದರೆ 1418 ಬರುತ್ತದೆ, ಬಹಮನಿ ಫಿರೋಜ್ ಷಾನ ಕಾಲ! ಆಂಟಿಕ್ ಅಂಗಡಿಯವನ ಕಣ್ಣು ಅರಳುವ ಲೆಕ್ಕ ಅದು. ಆದರೆ ನಿಜಾಮರ ಸರ್ಕಾರ ನಡೆದದ್ದು ಫಸಲಿ ವರ್ಷದಲ್ಲಿ. ಹೈದರಾಬಾದಿನ ಫಸಲಿಗೆ 590 ಕೂಡಬೇಕು. ಆಗ 1340 ಅಂದರೆ 1930-31. ಹಿಜರಿಯಾದರೆ ಅದೇ 1340 ನಿಮ್ಮನ್ನು 1921-22ಕ್ಕೆ ಒಯ್ಯುತ್ತದೆ. ಸಂವತ್ಸರದ ಹೆಸರೂ ಇದ್ದರೆ ನಿಮ್ಮ ಅದೃಷ್ಟ, ಪಂಚಾಂಗ ತೆಗೆದು ತಾಳೆ ನೋಡಿ. ಲಿಪಿ ಕನ್ನಡವೋ ತೆಲುಗೋ ಎಂದು ಗೊಂದಲವಾದರೆ ವಿಭಕ್ತಿ ಹಿಡಿಯಿರಿ: ದೇವರ ಹೆಸರಿಗೆ ‘ಗೆ’ ಹತ್ತಿದ್ದರೆ ಕನ್ನಡ, ‘ಕಿ’, ‘ಕು’ ಹತ್ತಿದ್ದರೆ ತೆಲುಗು.

5. ಇಂಗ್ಲಿಷ್ ಅಕ್ಷರ ಕಂಡರೆ ದೇವಸ್ಥಾನ ಮರೆಯಿರಿ
ತಾಂಡೂರು ಇರುವುದು ವಾಡಿ-ಸಿಕಂದರಾಬಾದ್ ರೈಲುಮಾರ್ಗದಲ್ಲಿ. ಆ ಲೈನು 1874ರದು. ‘ಎನ್.ಜಿ.ಎಸ್.ಆರ್.’ ಎಂದಿದ್ದರೆ ಅದು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆಯ ಸೊತ್ತು, 1930ಕ್ಕಿಂತ ಹಿಂದಿನದು. ಆ ವರ್ಷ ನಿಜಾಮ್ ಸರ್ಕಾರ ಕಂಪನಿಯನ್ನು ಕೊಂಡುಕೊಂಡಿತು, ನಡುವಿನ ‘ಜಿ’ ಬಿದ್ದುಹೋಯಿತು. ಒಂದೇ ಅಕ್ಷರದಿಂದ ಕಾಲ ಗೊತ್ತಾಗುವ ಇಂಥ ಸುಲಭದ ಸುಳಿವು ಮತ್ತೊಂದಿಲ್ಲ. ಉಬ್ಬಕ್ಷರದಲ್ಲಿ ವಿದೇಶಿ ಎರಕಶಾಲೆಯ ಹೆಸರಿದ್ದರೆ ಚರ್ಚಿನ ಕಡೆ ತಿರುಗಿ. ಬೀದರ, ವಿಕಾರಾಬಾದ್ ಕಡೆ ಕೆಲಸ ಮಾಡಿದವರು ಅಮೆರಿಕದ ಮೆಥಡಿಸ್ಟರು, ಮೆದಕ್ ಕಡೆ ಇಂಗ್ಲೆಂಡಿನ ವೆಸ್ಲಿಯನ್ನರು.

6. ಹಳೆಯ ಜಿಲ್ಲೆಯ ಹೆಸರಿನಲ್ಲಿ ಹುಡುಕಿ
ಈ ಊರುಗಳು ಈಗ ಸೇರಿರುವ ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳು ಹುಟ್ಟಿದ್ದೇ 2016ರಲ್ಲಿ. 1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲ್ಬರ್ಗದ್ದು. ಆದ್ದರಿಂದ ಹಳೆಯ ಗೆಜೆಟಿಯರ್, ದಫ್ತರಗಳನ್ನು ಬೀದರ, ಗುಲ್ಬರ್ಗದ ಹೆಸರಿನಲ್ಲೇ ಕೇಳಿ. ಇನ್ನೊಂದು ಮಾತು: ಜಹೀರಾಬಾದಿನ ಹತ್ತಿರದ ಝರಾಸಂಗಮಕ್ಕೆ, ಕೇತಕಿ ಸಂಗಮೇಶ್ವರನ ದರ್ಶನಕ್ಕೆ, ಕರ್ನಾಟಕ, ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಅಂಥ ಕಡೆ ಹರಕೆಯ ಗಂಟೆ ನೂರಾರು ಮೈಲಿ ಪ್ರಯಾಣ ಮಾಡಿರಬಹುದು. ಸಿಕ್ಕ ಊರನ್ನೇ ಹುಟ್ಟಿದ ಊರೆಂದು ಬರೆಯಬೇಡಿ.

7. ತೀರ್ಪು ಬರೆಯಿರಿ, ಕಾನೂನು ತಿಳಿಯಿರಿ
ಮೂರು ಕಾಲಂ ಹಾಕಿ: ಖಚಿತ, ಸಂಭವ, ತಿಳಿಯದು. ಮನೆಯವರು ಹೇಳಿದ ಕಥೆ ಎರಡನೆಯದರಲ್ಲಿ ಇರಲಿ. ಮೂರನೆಯ ಕಾಲಂ ತುಂಬಿತೆಂದು ಕುಗ್ಗಬೇಡಿ, ಮುಂದೆ ಹುಡುಕಬೇಕಾದ ಪಟ್ಟಿ ಅಲ್ಲೇ ಸಿಕ್ಕಿತು. ವಯಸ್ಸು ನೂರು ವರ್ಷ ದಾಟಿದ್ದು ಸಾಬೀತಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯವಾಗುತ್ತದೆ. ಅಂಥ ಗಂಟೆಯ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಅಮೆರಿಕದಲ್ಲಿರುವ ಮಗನಿಗೆ ಕಳಿಸೋಣವೆಂದರೆ ಖಾಸಗಿಯವರಿಗೆ ಅನುಮತಿಯೇ ಇಲ್ಲ.