ಡ್ಯಾಂಪಿಂಗ್ ಸಂಖ್ಯೆಗೆ ಮರುಳಾಗಬೇಡಿ

ಡ್ಯಾಂಪಿಂಗ್ ಫ್ಯಾಕ್ಟರ್ 200 ಇರುವ ಆಂಪ್ಲಿಫೈಯರ್ ಮಾರಿ 1000 ಇರುವುದನ್ನು ತಂದರೆ ಮೃದಂಗದ ಎಡಭಾಗದ ನಾದ ಗುಂಯ್‌ಗುಡುವುದು ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ನಿಲ್ಲುವುದಿಲ್ಲ, ದುಡ್ಡು ಉಳಿಸಿಕೊಳ್ಳಿ.

ಸ್ಪೀಕರ್‌ನ ಇಂಪೀಡೆನ್ಸನ್ನು ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್‌ನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಡ್ಯಾಂಪಿಂಗ್ ಫ್ಯಾಕ್ಟರ್. 8 ಓಮ್ ಸ್ಪೀಕರ್‌ಗೆ 200 ಎಂದರೆ ಔಟ್‌ಪುಟ್ ಇಂಪೀಡೆನ್ಸ್ 0.04 ಓಮ್, 1000 ಎಂದರೆ 0.008. ಪೆಟ್ಟು ಮುಗಿದ ಮೇಲೂ ಅಲುಗಾಡುವ ಕೋನ್ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಆ ಕರೆಂಟ್ ಸಲೀಸಾಗಿ ಹರಿದಷ್ಟೂ ಕೋನ್‌ಗೆ ಬ್ರೇಕ್ ಬೀಳುತ್ತದೆ. ಆದರೆ ಅದೇ ದಾರಿಯಲ್ಲಿ ವಾಯ್ಸ್ ಕಾಯಿಲ್‌ನ ಸುಮಾರು 6 ಓಮ್ ರೋಧ ಕೂತಿದೆ. ಅದರ ಮುಂದೆ 0.04 ಆದರೇನು, 0.008 ಆದರೇನು? ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ ಬಿಡಿ. ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಇರುವ ವಾಲ್ವ್ ಆಂಪ್ಲಿಫೈಯರ್ ಆಗಿದ್ದರೆ ಮಾತು ಬೇರೆ. ಅಲ್ಲಿ ಬೇಸ್ ನಿಜಕ್ಕೂ ಸಡಿಲವಾಗಬಹುದು.

ಆಂಪ್ಲಿಫೈಯರ್ ಬದಲು, ಸ್ಪೀಕರ್‌ಗೆ ನೀವು ಎಳೆದಿರುವ 0.5 ಚದರ ಮಿ.ಮೀ. ವೈರ್ ಬದಲಿಸಿ. 5 ಮೀಟರ್‌ಗೆ, ಹೋಗಿಬರುವ ದಾರಿ ಸೇರಿ, ಅದೇ ಸುಮಾರು 0.35 ಓಮ್, ನಿಮ್ಮ 200 ಅಲ್ಲೇ 20ಕ್ಕೆ ಇಳಿದಿದೆ. 2.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. ವ್ಯತ್ಯಾಸ ಭಾರಿಯೇನಲ್ಲ, ಖರ್ಚೂ ಅಷ್ಟೇ.

ಅದಕ್ಕೂ ಮೊದಲು ಸ್ಪೀಕರ್‌ಗಳನ್ನು ಹಾಲ್‌ನ ಮೂಲೆಯಿಂದ ಎರಡಡಿ ಈಚೆ ತಂದು ಕೇಳಿ. ಗುಂಯ್‌ಗುಡುತ್ತಿರುವುದು ಬಹುಪಾಲು ನಿಮ್ಮ ಕೋಣೆ.